ಹಯಾತಾ ಹಿನಾಗೆ ಇಂಟರ್ನೆಟ್‌ನಲ್ಲಿ ಇಷ್ಟೊಂದು ಹೆಸರು ಹೇಗೆ ಬಂತು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಟೇಬಲ್ ಟೆನಿಸ್ ನೋಡುವ ಹುಚ್ಚಿನವನು. ಆಡೋದು ಅಷ್ಟಕ್ಕಷ್ಟೇ. 2024ರ ಪ್ಯಾರಿಸ್ ಒಲಿಂಪಿಕ್ಸ್ ಆದಮೇಲೆ ಗೆಳೆಯರು, ಆಫೀಸಿನವರು, ನಮ್ಮ ಅಪಾರ್ಟ್‌ಮೆಂಟಿನ ಹುಡುಗರು ಒಂದೇ ಥರದ ಪ್ರಶ್ನೆ ಕೇಳೋಕೆ ಶುರು ಮಾಡಿದರು. ‘ಆ ಜಪಾನಿ ಹುಡುಗಿ ಯಾರು, ಅಳ್ತಾ ಕೂತಿದ್ದಳಲ್ಲ?’ ಅಂತ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಯಿತು. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ.

ಯಾರು ಈಕೆ?

ಹಯಾತಾ ಹಿನಾ. ಹುಟ್ಟಿದ್ದು 2000ದ ಜುಲೈ 7ರಂದು, ಜಪಾನಿನ ಫುಕುವೋಕಾ ಪ್ರಾಂತ್ಯದ ಕಿತಾಕ್ಯುಷು ನಗರದಲ್ಲಿ. ಅಕ್ಕನ ಹಿಂದೆ ಹಿಂದೆ ಹೋಗಿ ನಾಲ್ಕನೇ ವಯಸ್ಸಿಗೆ ಬ್ಯಾಟ್ ಹಿಡಿದವಳು. ಎಡಗೈ ಆಟಗಾರ್ತಿ. ಈ ಎಡಗೈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ಯಾರಿಸ್‌ನಲ್ಲಿ ಮಹಿಳಾ ಸಿಂಗಲ್ಸ್ ಕಂಚು, ತಂಡದ ವಿಭಾಗದಲ್ಲಿ ಬೆಳ್ಳಿ. ಅದಕ್ಕೂ ಮುಂಚೆ 2023ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸಿಂಗಲ್ಸ್ ಕಂಚು, ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸಿಂಗಲ್ಸ್ ಬೆಳ್ಳಿ. ಜಪಾನಿನ ರಾಷ್ಟ್ರೀಯ ಚಾಂಪಿಯನ್‌ಷಿಪ್ಪನ್ನು 2020ರಲ್ಲಿ ಮೊದಲ ಸಲ ಗೆದ್ದಳು. ಆಮೇಲೆ 2023, 2024, 2025 ಮೂರು ವರ್ಷ ಸತತವಾಗಿ.

ಹೆಸರು ಹಿನಾನೋ, ಹೀನಾನೋ?

ಹಿನಾ. ದಯವಿಟ್ಟು ‘ಹಿ’ಗೆ ದೀರ್ಘ ಕೊಡಬೇಡಿ. ಕೊಟ್ಟರೆ ಕನ್ನಡದಲ್ಲಿ ಬೈಗುಳ ಆಗಿಬಿಡುತ್ತದೆ! ಕೆಲವು ಸುದ್ದಿಗಳಲ್ಲಿ ‘ಹೀನಾ’ ಅಂತ ಓದಿದಾಗ ನನಗೇ ಕಸಿವಿಸಿ ಆಗಿತ್ತು.

ಜಪಾನಿಯಲ್ಲಿ ಹಿನಾ ಅಂದರೆ ಕೋಳಿಮರಿ, ಹಕ್ಕಿಮರಿ. ಮಾರ್ಚ್ 3ರಂದು ಹೆಣ್ಣುಮಕ್ಕಳ ಹಬ್ಬದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುವ ಗೊಂಬೆಗಳಿಗೂ ಇದೇ ಪದ. ನಮ್ಮ ದಸರಾ ಗೊಂಬೆ ಥರವೇ ಅನ್ನಿ. ಈಕೆ ಹೆಸರನ್ನು ಚಿತ್ರಲಿಪಿಯಲ್ಲಿ ಬರೆಯದೆ ಬರೀ ಉಚ್ಚಾರದ ಅಕ್ಷರದಲ್ಲಿ ಬರೆಯುತ್ತಾಳೆ. ಹಾಗಾಗಿ ಅರ್ಥ ನಿಮಗೆ ಬಿಟ್ಟಿದ್ದು. ಜಪಾನಿನವರು ಮನೆತನದ ಹೆಸರನ್ನು ಮೊದಲು ಹೇಳುತ್ತಾರೆ, ಅದಕ್ಕೇ ಕೆಲವು ಕಡೆ ಹಿನಾ ಹಯಾತಾ, ಕೆಲವು ಕಡೆ ಹಯಾತಾ ಹಿನಾ. ಇಬ್ಬರೂ ಒಬ್ಬಳೇ.

ಚೆಂದ ಇದ್ದಾಳೆ, ಅದಕ್ಕೇ ಫೇಮಸ್. ಅಷ್ಟೇ ತಾನೆ?

ಈ ಪ್ರಶ್ನೆ ಕೇಳಿದವರೇ ಜಾಸ್ತಿ. ಹುಡುಗಿಯರು ಆಡುವ ಯಾವ ಆಟಕ್ಕೂ ಇದೇ ಮಾತು ಬರುತ್ತದೆ. ನೋಟದಿಂದ ಒಂದಿಷ್ಟು ಜನ ಫೋಟೋ ಮೇಲೆ ಕ್ಲಿಕ್ ಮಾಡಿರಬಹುದು, ಅದನ್ನು ಯಾಕೆ ಅಲ್ಲಗಳೆಯಲಿ. ಆದರೆ ಈಕೆಯ ಹೆಸರು ಜಪಾನಿನ ಗಡಿ ದಾಟಿದ್ದು ಯಾವಾಗ ಯಾವಾಗ ಅಂತ ಲೆಕ್ಕ ಹಾಕಿ ನೋಡಿ. ನನಗೆ ಸಿಗೋದು ಮೂರು ಸಂದರ್ಭ. ಒಂದು, 21–19ರ ಒಂದು ಗೇಮ್. ಎರಡು, ನೋಯುತ್ತಿದ್ದ ಎಡಗೈ ಮತ್ತು ಒಂದು ಅಪ್ಪುಗೆ. ಮೂರು, ಪತ್ರಕರ್ತರ ಮುಂದೆ ಆಡಿದ ಒಂದು ಮಾತು. ಮೊದಲನೆಯದು ಆಟ. ಎರಡನೆಯದರಲ್ಲಿ ಅರ್ಧ ಆಟ. ಮೂರನೆಯದಕ್ಕೂ ಆಟಕ್ಕೂ ಸಂಬಂಧವೇ ಇಲ್ಲ, ಸದ್ದು ಮಾತ್ರ ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ಆಯಿತು.

ಆ 21–19 ಏನದು?

2023ರ ಮೇ ತಿಂಗಳು. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಕ್ವಾರ್ಟರ್ ಫೈನಲ್‌ನಲ್ಲಿ ಹಿನಾ ಎದುರು ಚೀನಾದ ವಾಂಗ್ ಯೀದಿ. ಏಳರಲ್ಲಿ ನಾಲ್ಕು ಗೇಮ್ ಗೆದ್ದವರಿಗೆ ಪಂದ್ಯ. ತಲಾ ಮೂರು ಗೇಮ್ ಆಗಿ ಏಳನೇ ಗೇಮ್‌ಗೆ ಬಂತು.

ಟೇಬಲ್ ಟೆನಿಸ್‌ನಲ್ಲಿ ಒಂದು ಗೇಮ್ 11 ಪಾಯಿಂಟಿಗೆ ಮುಗಿಯುತ್ತದೆ. 10–10 ಆದರೆ ಮಾತ್ರ ಎರಡು ಪಾಯಿಂಟ್ ಮುಂದೆ ಹೋಗುವ ತನಕ ಆಡಬೇಕು. ಸಾಮಾನ್ಯವಾಗಿ 12–10, 13–11ಕ್ಕೆ ಕಥೆ ಮುಗಿಯುತ್ತದೆ. ಇದು ಮುಗಿಯಲೇ ಇಲ್ಲ. 12–12, 15–15, 18–18. ಈ ಹಂತದಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಸರ್ವ್. ವಾಂಗ್ ಯೀದಿಗೆ ಒಂಬತ್ತು ಸಲ ಮ್ಯಾಚ್ ಪಾಯಿಂಟ್ ಸಿಕ್ಕಿತು. ಒಂಬತ್ತು ಸಲವೂ ಹಿನಾ ಉಳಿಸಿಕೊಂಡಳು. ಕೊನೆಗೆ 21–19.

ಒಂದು ಮ್ಯಾಚ್ ಪಾಯಿಂಟ್ ಉಳಿಸೋದೇ ಕಷ್ಟ. ಎದುರಿನವಳು ಒಂದು ಚೆಂಡು ಸರಿಯಾಗಿ ಹೊಡೆದರೆ ಸೂಟ್‌ಕೇಸ್ ತುಂಬಿಕೊಂಡು ವಿಮಾನ ಹತ್ತಬೇಕು. ಒಂಬತ್ತು ಸಲ ಆ ಬಾಗಿಲ ತನಕ ಹೋಗಿ ವಾಪಸ್ ಬರೋದು ಅಂದರೆ? ಚೀನಾದ ವಿರುದ್ಧ, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ! ಆ ಕೊನೆಯ ಗೇಮಿನ ವಿಡಿಯೋ ಟೇಬಲ್ ಟೆನಿಸ್ ನೋಡುವವರ ನಡುವೆ ಕೈಯಿಂದ ಕೈಗೆ ಓಡಾಡಿತು. ನಮ್ಮ ಗುಂಪಿನಲ್ಲಿ ಒಬ್ಬ ಅದನ್ನು ಮೂರು ದಿನ ಮೂರು ಸಲ ಹಾಕಿದ. ಯಾರೂ ಬೈಯಲಿಲ್ಲ.

ಸೆಮಿಫೈನಲ್‌ನಲ್ಲಿ ಸೋತಳು. ಎದುರಿಗೆ ಸುನ್ ಯಿಂಗ್‌ಷಾ. ಅದು ಬೇರೆಯೇ ಪ್ರಶ್ನೆ.

ಸುನ್ ಯಿಂಗ್‌ಷಾ ಜೊತೆ ಏನು ಕಥೆ?

ಅಯ್ಯೋ, ಅದೊಂದು ಗೋಡೆ. ಚೀನಾದ ಸುನ್ ಯಿಂಗ್‌ಷಾ ಕೂಡ 2000ದಲ್ಲೇ ಹುಟ್ಟಿದವಳು, ಹಿನಾಗಿಂತ ನಾಲ್ಕು ತಿಂಗಳಿಗೆ ಚಿಕ್ಕವಳು. 2019ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನ ಡಬಲ್ಸ್ ಫೈನಲ್‌ನಲ್ಲಿ ಹಿನಾ ಸೋತಿದ್ದು ಸುನ್ ಇದ್ದ ಜೋಡಿಗೆ. 2021ರ ಹ್ಯೂಸ್ಟನ್‌ನಲ್ಲಿ ಡಬಲ್ಸ್ ಫೈನಲ್ ಸೋತಿದ್ದು ಸುನ್‌ಗೆ, ಮಿಕ್ಸೆಡ್ ಡಬಲ್ಸ್ ಫೈನಲ್ ಸೋತಿದ್ದೂ ಸುನ್‌ಗೆ. ಡರ್ಬನ್‌ನಲ್ಲಿ ಮಿಕ್ಸೆಡ್ ಫೈನಲ್, ಸಿಂಗಲ್ಸ್ ಸೆಮಿಫೈನಲ್ ಎರಡೂ ಸುನ್‌ಗೆ. ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್ ಸುನ್‌ಗೆ. ಪ್ಯಾರಿಸ್ ಸೆಮಿಫೈನಲ್ 0–4, ಮತ್ತೆ ಸುನ್‌ಗೆ. ಬರೆಯುತ್ತಾ ನನಗೇ ಬೇಜಾರಾಯಿತು.

ಆದರೆ ಚೀನಾದ ಪ್ರೇಕ್ಷಕರಿಗೆ ಹಿನಾ ಪರಿಚಯ ಆಗಿದ್ದೇ ಹೀಗೆ. ತಮ್ಮ ಹುಡುಗಿ ಆಡುವ ಪ್ರತಿ ದೊಡ್ಡ ಪಂದ್ಯದ ಆಚೆ ಬದಿಯಲ್ಲಿ ಇದೇ ಮುಖ. ಹತ್ತು ಸಲ ನೋಡಿದ ಎದುರಾಳಿಯ ಮೇಲೆ ಒಂಥರಾ ಸಲುಗೆ ಬೆಳೆಯುತ್ತದೆ. ಕ್ರಿಕೆಟ್ ನೋಡುವವರಿಗೆ ಇದು ಗೊತ್ತು.

ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಈಕೆ ಕಾಣಲೇ ಇಲ್ಲವಲ್ಲ?

ಅಲ್ಲೇ ಇದ್ದಳು. ಮೀಸಲು ಆಟಗಾರ್ತಿಯಾಗಿ. ಆಡಿದ್ದು ಇತೋ ಮೀಮಾ, ಹಿರಾನೋ ಮಿಯು, ಇಷಿಕಾವಾ ಕಾಸುಮಿ. ಹಿನಾ ಅವರ ಜೊತೆ ಪ್ರಾಕ್ಟೀಸ್ ಮಾಡುತ್ತಿದ್ದಳು, ಚೆಂಡು ಹೆಕ್ಕುತ್ತಿದ್ದಳು. ಮೀಮಾ, ಮಿಯು ಇಬ್ಬರೂ ಇವಳ ಓರಗೆಯವರೇ, ಮೂವರೂ 2000ದಲ್ಲಿ ಹುಟ್ಟಿದವರು. ಚಿಕ್ಕಂದಿನಿಂದ ಒಟ್ಟಿಗೆ ಬೆಳೆದ ಮೂವರಲ್ಲಿ ಇಬ್ಬರು ಮೆಡಲ್ ಹಾಕಿಕೊಂಡರು, ಒಬ್ಬಳು ಹೊರಗೆ ನಿಂತು ನೋಡಿದಳು.

ಆಮೇಲೆ ಚಕ್ರ ತಿರುಗಿತು. ಪ್ಯಾರಿಸ್‌ಗೆ ಆಯ್ಕೆ ಮಾಡಲು ಜಪಾನ್ ಸುಮಾರು ಎರಡು ವರ್ಷ ಪಾಯಿಂಟ್ ಲೆಕ್ಕ ಇಟ್ಟಿತು. ಹಿನಾ ಮೊದಲ ಸ್ಥಾನದಲ್ಲಿ ಬಂದಳು. ಟೋಕಿಯೋದಲ್ಲಿ ಮೂರು ಪದಕ ಗೆದ್ದ ಮೀಮಾಗೆ ಜಾಗವೇ ಸಿಗಲಿಲ್ಲ. ಜಪಾನಿನ ಅಭಿಮಾನಿಗಳು ಹಿನಾಳನ್ನು ಹಚ್ಚಿಕೊಂಡಿದ್ದು ಈ ಕಾಯುವಿಕೆಯ ಕಥೆಯಿಂದಲೇ ಅಂತ ನನ್ನ ಅಂದಾಜು. ಕಾದು ಗೆದ್ದವರ ಕಥೆ ಯಾರಿಗೆ ಇಷ್ಟ ಇಲ್ಲ ಹೇಳಿ.

ಪ್ಯಾರಿಸ್‌ನಲ್ಲಿ ಕೈಗೆ ಏನಾಗಿತ್ತು?

ಪ್ಯಾರಿಸ್ ಶುರುವಾಗಿದ್ದೇ ಕೆಟ್ಟದಾಗಿ. ಮಿಕ್ಸೆಡ್ ಡಬಲ್ಸ್‌ನಲ್ಲಿ ಹರಿಮೋಟೋ ತೊಮೊಕಾಜು ಜೊತೆ ಎರಡನೇ ಸೀಡ್ ಆಗಿದ್ದಳು. ಚಿನ್ನದ ಆಸೆ ಇತ್ತು. ಮೊದಲ ಸುತ್ತಿನಲ್ಲೇ ಉತ್ತರ ಕೊರಿಯಾದ ಜೋಡಿ 4–1ಕ್ಕೆ ಮನೆಗೆ ಕಳಿಸಿತು. ಬಹಳ ಕಾಲ ಹೊರಗೆಲ್ಲೂ ಆಡದೆ ನೇರ ಬಂದವರು ಅವರು. ಕೊನೆಗೆ ಬೆಳ್ಳಿಯನ್ನೇ ಗೆದ್ದರು.

ಸಿಂಗಲ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಮತ್ತೆ ಉತ್ತರ ಕೊರಿಯಾ. ಪ್ಯೋನ್ ಸಾಂಗ್ ಗ್ಯೋಂಗ್ ಎದುರು 4–3, ಉಸಿರು ಬಿಗಿ ಹಿಡಿದು ಗೆದ್ದಳು. ಆ ಪಂದ್ಯ ಮುಗಿಯುವ ಹೊತ್ತಿಗೆ ಎಡಗೈ ಕೈಕೊಟ್ಟಿತ್ತು. ಮರುದಿನ ಸುನ್ ಎದುರು ಪಟ್ಟಿ ಸುತ್ತಿಕೊಂಡು ಬಂದಳು. ಅವಳ ಹೊಡೆತದಲ್ಲಿ ಜೀವ ಇರಲಿಲ್ಲ. 0–4.

ಮಣಿಕಟ್ಟು ನೋವು ಅಂದರೆ ಕೇಳುವವರಿಗೆ ಸಣ್ಣದು ಅನಿಸುತ್ತದೆ. ಈ ಆಟದಲ್ಲಿ ಎಲ್ಲವೂ ಅಲ್ಲೇ ಇರೋದು. ಚೆಂಡು ಬರೀ 40 ಮಿಲಿಮೀಟರಿನದು. ಅದಕ್ಕೆ ಸ್ಪಿನ್ ಕೊಡುವುದು ಭುಜ ಅಲ್ಲ, ಕೊನೇ ಕ್ಷಣದಲ್ಲಿ ಮಣಿಕಟ್ಟು ತಿರುಗುವ ರೀತಿ. ‘ಚಿಕೀಟಾ’ ಅಂತ ಒಂದು ಹೊಡೆತ ಇದೆ. ಎದುರಾಳಿಯ ಸಣ್ಣ ಸರ್ವ್ ಅನ್ನು ಟೇಬಲ್ ಮೇಲೆ ಬಾಗಿ, ಮಣಿಕಟ್ಟನ್ನು ಒಳಗೆ ಮಡಚಿ, ಬುಗುರಿ ಬಿಟ್ಟ ಹಾಗೆ ಬಿಚ್ಚುವುದು. ಚೆಂಡು ಬಾಳೆಹಣ್ಣಿನ ಥರ ಬಾಗಿ ಹೋಗುತ್ತದೆ ಅಂತ ಬಾಳೆಹಣ್ಣಿನ ಬ್ರ್ಯಾಂಡ್ ಹೆಸರನ್ನೇ ಇಟ್ಟಿದ್ದಾರೆ. ನಾನು ಒಂದು ಭಾನುವಾರ ನಮ್ಮ ಕ್ಲಬ್‌ಹೌಸಿನಲ್ಲಿ ಇದನ್ನು ಕಲಿಯಲು ಹೋಗಿ ಮೂರು ದಿನ ಸ್ಕೂಟರಿನ ಎಕ್ಸಿಲರೇಟರ್ ತಿರುಗಿಸಲು ಒದ್ದಾಡಿದ್ದೇನೆ. ಅಂಥ ಕೈ ನೋಯುತ್ತಿರುವಾಗ ಒಲಿಂಪಿಕ್ ಪದಕಕ್ಕೆ ಆಡಬೇಕು.

ಕಂಚಿನ ಪಂದ್ಯ ನೋಡಿಲ್ಲ. ಹೇಗಿತ್ತು?

2024ರ ಆಗಸ್ಟ್ 3, ಶನಿವಾರ. ನಾನು ಫೋನಿನಲ್ಲಿ ಜಿಯೋಸಿನಿಮಾ ಹಾಕಿಕೊಂಡು, ಕಾಫಿ ಲೋಟ ಪಕ್ಕದಲ್ಲಿಟ್ಟು ಕೂತಿದ್ದೆ. ಎದುರಾಳಿ ದಕ್ಷಿಣ ಕೊರಿಯಾದ ಶಿನ್ ಯುಬಿನ್, 20 ವರ್ಷದವಳು. ಪಂದ್ಯಕ್ಕೆ ಮುಂಚೆ ಹಿನಾ ನೋವು ಕಡಿಮೆ ಮಾಡುವ ಇಂಜೆಕ್ಷನ್ ತೆಗೆದುಕೊಂಡಿದ್ದಳು.

ಮೊದಲ ಗೇಮ್ 9–11, ಹೋಯಿತು. ಎರಡನೆಯದು 13–11. ಮೂರನೆಯದು 12–10. ಈ ಎರಡೂ ಗೇಮ್ ಕೈತಪ್ಪುವ ಹಾಗೇ ಇದ್ದವು. ಎರಡೂ ತಪ್ಪಿದ್ದರೆ 0–3 ಆಗಿ ಅಲ್ಲಿಗೇ ಬಹುಪಾಲು ಮುಗಿದ ಹಾಗೆ. ನಾಲ್ಕನೆಯದು 11–7 ಸಲೀಸು. ಐದನೆಯದನ್ನು ಶಿನ್ 12–10ಕ್ಕೆ ಕಸಿದುಕೊಂಡಳು. ಆರನೆಯದು 11–7.

ಪ್ರತಿ ಪಾಯಿಂಟ್ ಆದಮೇಲೆ ಹಿನಾಳ ಎಡಗೈಯನ್ನೇ ನೋಡುತ್ತಿದ್ದೆ. ಮಣಿಕಟ್ಟಿನಿಂದ ಮೇಲೆ ತನಕ ಪಟ್ಟಿ. ಕೊನೆಯ ಪಾಯಿಂಟ್ ಆಯಿತು, ನೆಲಕ್ಕೆ ಕುಸಿದಳು. ಅತ್ತಳು. ಟಿವಿಗೆ ಬೇಕಾಗಿ ಅಳುವ ಅಳು ಅಲ್ಲ ಅದು. ಮುಖ ಮುಚ್ಚಿಕೊಂಡು, ಭುಜ ಅಲುಗುವ ಹಾಗೆ. ಕಾಫಿ ತಣ್ಣಗಾಗಿತ್ತು.

ಎಲ್ಲರೂ ಹೇಳುವ ಆ ಅಪ್ಪುಗೆ ಇದೇನಾ?

ಇದೇ. ಸೋತ ಶಿನ್ ಯುಬಿನ್ ಅಳುತ್ತಿದ್ದ ಹಿನಾ ಹತ್ತಿರ ನಡೆದು ಬಂದು ತಬ್ಬಿಕೊಂಡಳು. ನಗುತ್ತಾ ಏನೋ ಹೇಳಿದಳು. ಕೆಲವೇ ಕ್ಷಣ.

ಇದಕ್ಕೆ ಇಷ್ಟು ಬೆಲೆ ಯಾಕೆ ಅಂತ ಕೇಳಬಹುದು. ಆಟಗಾರರು ತಬ್ಬಿಕೊಳ್ಳೋದು ಹೊಸದಲ್ಲ. ಆದರೆ ಜಪಾನ್–ಕೊರಿಯಾ ಪಂದ್ಯ ಅಂದರೆ ಹಳೇ ಗಾಯ ಇದೆ. 1910ರಿಂದ 1945ರ ತನಕ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಎರಡು ದೇಶದ ಆಟ ಇದ್ದ ದಿನ ನೆಟ್‌ನಲ್ಲಿ ಸಾಮಾನ್ಯವಾಗಿ ಜಗಳವೇ ನಡೆಯೋದು. ಅವತ್ತು ಜಪಾನಿನವರು ಶಿನ್‌ಳನ್ನು ಹೊಗಳಿದರು, ಕೊರಿಯಾದವರು ‘ನೋವಿನಲ್ಲೂ ಎಷ್ಟು ಚೆನ್ನಾಗಿ ಆಡಿದಳು’ ಅಂತ ಹಿನಾಳನ್ನು. ಅಪರೂಪದ ದಿನ. ಹಿನಾಳ ಹೆಸರು ಆಟ ನೋಡದವರಿಗೂ ಮುಟ್ಟಿದ್ದು ಅವತ್ತೇ. ಕೊಡುಗೆ ಅರ್ಧ ಶಿನ್‌ಳದ್ದು ಅನ್ನೋದನ್ನು ಮರೆಯಬಾರದು.

ಬಾಳೆಹಣ್ಣು ತಿಂದ ಹುಡುಗಿಯೂ ಇವಳೇನಾ?

ಅಲ್ಲ, ಅದು ಶಿನ್ ಯುಬಿನ್. ಗೇಮ್‌ಗಳ ಮಧ್ಯೆ ಬಾಳೆಹಣ್ಣು ತಿನ್ನುತ್ತಾ ಕೂತಿದ್ದು ವೈರಲ್ ಆಗಿತ್ತು. ಕ್ವಾರ್ಟರ್ ಫೈನಲ್‌ನಲ್ಲಿ ಹಿರಾನೋ ಮಿಯು ಎದುರು ಅವಳು 3–0 ಮುಂದಿದ್ದಳು. ಮಿಯು ಒಳಗೆ ಹೋಗಿ ಬಟ್ಟೆ ಬದಲಿಸಿಕೊಂಡು ಬಂದು 3–3 ಮಾಡಿದಳು. ಕೊನೆಗೆ ಶಿನ್ನೇ ಗೆದ್ದಳು. ಬಟ್ಟೆಗೂ ಬಾಳೆಹಣ್ಣಿಗೂ ನಡೆದ ಪಂದ್ಯ ಅಂತ ನಾವು ತಮಾಷೆ ಮಾಡಿದ್ದೆವು. ಕೊರಿಯಾದಲ್ಲಿ ಶಿನ್‌ಗೆ ಇರುವ ಅಡ್ಡಹೆಸರು ಕೋಳಿಮರಿಯ ಚಿಂವ್ ಚಿಂವ್ ಸದ್ದಿನಿಂದ ಬಂದಿದ್ದು. ಹಿನಾ ಅಂದರೂ ಮರಿಯೇ. ಸುಮ್ನೆ ಹೇಳಿದೆ.

ಜಪಾನಿನ ಆಟಗಾರ್ತಿಗೆ ಚೀನಾದಲ್ಲಿ ಯಾಕೆ ಅಷ್ಟು ಅಭಿಮಾನಿಗಳು?

ಟೇಬಲ್ ಟೆನಿಸ್‌ನಲ್ಲಿ ಇಂಟರ್ನೆಟ್ ಖ್ಯಾತಿ ಅಂದರೆ ದೊಡ್ಡ ಪಾಲು ಚೀನಾದ ಖ್ಯಾತಿಯೇ. ಅತಿ ಹೆಚ್ಚು ನೋಡುವವರು ಅಲ್ಲಿದ್ದಾರೆ. ಅವರು ಸೇರುವ ಜಾಗ ವೈಬೋ, ನಮ್ಮ ಟ್ವಿಟರ್ ಥರದ್ದು. ಜಪಾನಿನ ಆಟಗಾರರೂ ಅಲ್ಲಿ ಖಾತೆ ಇಟ್ಟುಕೊಳ್ಳುತ್ತಾರೆ.

ಈ ದಾರಿ ಮಾಡಿದ್ದು ಫುಕುಹಾರಾ ಆಯಿ. 1988ರಲ್ಲಿ ಸೆಂದಾಯಿಯಲ್ಲಿ ಹುಟ್ಟಿದವಳು. ಪುಟ್ಟ ಮಗುವಿದ್ದಾಗಲೇ ಟೇಬಲ್ಲಿಗಿಂತ ಸ್ವಲ್ಪವೇ ಎತ್ತರ, ಸೋತರೆ ಜೋರಾಗಿ ಅಳುವುದು. ಜಪಾನಿನ ಟಿವಿ ಅವಳನ್ನು ‘ಅಳುಬುರುಕಿ ಆಯಿ’ ಅಂತಲೇ ಬೆಳೆಸಿತು. ದೊಡ್ಡವಳಾಗಿ ಚೀನಾದ ಲೀಗ್‌ನಲ್ಲಿ ಲಿಯಾವೋನಿಂಗ್ ಪರ ಆಡಿದಳು. ಅಲ್ಲಿ ಕಲಿತ ಚೀನಿ ಭಾಷೆಯಲ್ಲಿ ಈಶಾನ್ಯ ಚೀನಾದ ಹಳ್ಳಿಸೊಗಡು ಬಂದುಬಿಟ್ಟಿತು. ಹೊರಗಿನವರು ಯಾರೋ ನಮ್ಮ ಹತ್ತಿರ ಅಚ್ಚ ಧಾರವಾಡ ಕನ್ನಡ ಮಾತಾಡಿದರೆ ಹೇಗಿರುತ್ತೆ? ಹಾಗೇ ಚೀನಾದವರು ಕರಗಿಹೋದರು. ಅಲ್ಲಿ ಅವಳಿಗೆ ಪಿಂಗಾಣಿ ಗೊಂಬೆ ಅಂತ ಮುದ್ದಿನ ಹೆಸರು. 2018ರಲ್ಲಿ ನಿವೃತ್ತಿ ಹೇಳಿದಾಗ ಬೀಳ್ಕೊಟ್ಟವರಲ್ಲಿ ಚೀನಾದವರೂ ಕಡಿಮೆ ಇರಲಿಲ್ಲ.

ಹಿನಾ ಈ ತೆರೆದ ಬಾಗಿಲಲ್ಲೇ ಒಳಗೆ ಬಂದವಳು. ಬಾಗಿಲು ಎಷ್ಟು ಬೇಗ ಮುಚ್ಚಬಹುದು ಅನ್ನೋದು ಅವಳಿಗೆ ಪ್ಯಾರಿಸ್ ಮುಗಿದ ಮೇಲೆ ಗೊತ್ತಾಯಿತು.

2024ರ ಆಗಸ್ಟ್‌ನಲ್ಲಿ ಏನು ವಿವಾದ ಆಗಿದ್ದು?

ಪ್ಯಾರಿಸ್‌ನಿಂದ ವಾಪಸ್ ಬಂದು ಆಗಸ್ಟ್ 13ರಂದು ಪತ್ರಿಕಾಗೋಷ್ಠಿಯಲ್ಲಿ ಕೂತಿದ್ದಳು. ಬಿಡುವಿನಲ್ಲಿ ಏನು ಮಾಡಬೇಕು ಅಂತ ಪ್ರಶ್ನೆ. ಎಲ್ಲ ಆಟಗಾರರಿಗೂ ಕೇಳುವ ಹಗುರ ಪ್ರಶ್ನೆ. ಎರಡು ಜಾಗ ಹೇಳಿದಳು. ಒಂದು, ಫುಕುವೋಕಾದಲ್ಲಿರುವ, ಆನ್‌ಪಾನ್‌ಮಾನ್ ಅನ್ನುವ ಕಾರ್ಟೂನ್ ನಾಯಕನ ಮಕ್ಕಳ ಮ್ಯೂಸಿಯಂ. ಇನ್ನೊಂದು, ಕಾಗೋಷಿಮಾ ಪ್ರಾಂತ್ಯದ ಚಿರಾನ್‌ನಲ್ಲಿರುವ ವಿಶೇಷ ದಾಳಿ ಪಡೆಯ ಶಾಂತಿ ಸ್ಮಾರಕ. ತಾನು ಬದುಕಿದ್ದೇನೆ, ಟೇಬಲ್ ಟೆನಿಸ್ ಆಡುತ್ತಿದ್ದೇನೆ, ಇದು ಸುಮ್ಮನೆ ಸಿಕ್ಕಿದ್ದಲ್ಲ ಅನ್ನೋದನ್ನು ಅಲ್ಲಿ ಅನುಭವಿಸಬೇಕು ಅನ್ನುವ ಅರ್ಥದ ಮಾತು.

‘ವಿಶೇಷ ದಾಳಿ ಪಡೆ’ ಅಂದರೆ ನಮಗೆ ಗೊತ್ತಿರುವ ಕಾಮಿಕಾಜೆ. 1945ರಲ್ಲಿ ಒಕಿನಾವಾ ಯುದ್ಧದ ಹೊತ್ತಿಗೆ ಚಿರಾನ್‌ನಲ್ಲಿ ಸೇನೆಯ ವಿಮಾನ ನೆಲೆ ಇತ್ತು. ಬಾಂಬ್ ಕಟ್ಟಿಕೊಂಡು ಅಮೆರಿಕದ ಹಡಗುಗಳ ಮೇಲೆ ವಿಮಾನ ಸಮೇತ ಬೀಳಲು ಹೊರಟವರಲ್ಲಿ ಬಹಳ ಜನ ಹದಿಹರೆಯದವರು, ಇಪ್ಪತ್ತರ ಆಸುಪಾಸಿನವರು. ಆ ಸ್ಮಾರಕದಲ್ಲಿ 1,036 ಪೈಲಟ್‌ಗಳ ಫೋಟೋ, ಅಮ್ಮನಿಗೆ ಬರೆದ ಕೊನೇ ಪತ್ರ ಇಂಥವೆಲ್ಲ ಇವೆ.

ಜಪಾನಿನಲ್ಲಿ ಬಹಳಷ್ಟು ಜನಕ್ಕೆ ಅದು ಯುದ್ಧ ಎಂಥ ವ್ಯರ್ಥ ಅಂತ ತೋರಿಸುವ ಜಾಗ. ಶಾಲೆಯ ಪ್ರವಾಸಕ್ಕೂ ಹೋಗುತ್ತಾರೆ. ಚೀನಾ, ಕೊರಿಯಾದವರಿಗೆ ಅದು ಬೇರೆ. ತಮ್ಮ ಮೇಲೆ ದಂಡೆತ್ತಿ ಬಂದ ಸೈನ್ಯದವರನ್ನು ಅಲ್ಲಿ ಮೆರೆಸುತ್ತಾರೆ ಅನ್ನುವ ಸಿಟ್ಟು. ತೇದಿಯೂ ನೋಡಿ. ಆಗಸ್ಟ್ 15, ಜಪಾನ್ ಶರಣಾದ ದಿನ, ಇನ್ನೆರಡೇ ದಿನ ಇತ್ತು. ವೈಬೋ ಹೊತ್ತಿಕೊಂಡಿತು. ಸುನ್ ಯಿಂಗ್‌ಷಾ ಮತ್ತು ಚೀನಾದ ಇನ್ನೊಬ್ಬ ಆಟಗಾರ ಫಾನ್ ಝೆನ್‌ದೊಂಗ್ ಹಿನಾಳ ಖಾತೆಯನ್ನು ಅನ್‌ಫಾಲೋ ಮಾಡಿದ್ದಾರೆ ಅಂತ ಸುದ್ದಿಯಾಯಿತು. ಹತ್ತು ದಿನದ ಹಿಂದೆ ಹೊಗಳಿದ್ದ ಕೊರಿಯಾದಲ್ಲೂ ಅಸಮಾಧಾನ. ಅದೇ ಮಾತಿಗೆ ಜಪಾನಿನಲ್ಲಿ ಒಂದು ಗುಂಪು ಆಕೆಯನ್ನು ಎತ್ತಿ ಹೆಗಲ ಮೇಲೆ ಕೂರಿಸಿತು.

ಹಾಗಾದರೆ ತಪ್ಪು ಯಾರದು?

ನನ್ನನ್ನು ಕೇಳಿದರೆ, 24ರ ಹುಡುಗಿ ಯುದ್ಧವನ್ನು ಹೊಗಳಲಿಲ್ಲ. ಬದುಕಿರೋದು ಭಾಗ್ಯ ಅಂದಳು. ಆದರೆ ಆ ಜಾಗದ ಹೆಸರು ನೆರೆಯವರಿಗೆ ಹೇಗೆ ಕೇಳಿಸುತ್ತದೆ ಅನ್ನೋದು ಅವಳಿಗೆ ಹೊಳೆದಿರಲಿಕ್ಕಿಲ್ಲ. 1937ರಲ್ಲಿ ಜಪಾನಿನ ಸೈನ್ಯ ಕಗ್ಗೊಲೆ ನಡೆಸಿದ ಚೀನಾದ ನಾನ್‌ಜಿಂಗ್‌ನಲ್ಲಿ ಅಜ್ಜಿಯನ್ನು ಕಳೆದುಕೊಂಡ ಮನೆಯವರಿಗೆ ನಾನು ‘ಸುಮ್ಮನಿರಿ, ಚಿಕ್ಕ ಹುಡುಗಿ’ ಅನ್ನೋಕಾಗುತ್ತಾ? ಆಗಲ್ಲ. ಎರಡೂ ನಿಜ. ನನಗೆ ಕಿರಿಕಿರಿ ಆಗಿದ್ದು ಇವರಿಬ್ಬರ ಮೇಲಲ್ಲ. ಚಿರಾನ್ ಎಲ್ಲಿದೆ ಅಂತಲೂ ಗೊತ್ತಿಲ್ಲದ ಮೂರನೆಯವರು, ನಮ್ಮ ದೇಶದವರೂ ಸೇರಿ, ಎರಡು ಕಡೆಗೂ ಎಣ್ಣೆ ಸುರಿದರಲ್ಲ, ಅವರ ಮೇಲೆ.

ಇಂಥ ಬೈಗುಳ ಇವಳೊಬ್ಬಳಿಗೇನಾ?

ಎಲ್ಲಿ! ಟೋಕಿಯೋ ಒಲಿಂಪಿಕ್ಸ್‌ನಲ್ಲಿ, 2021ರ ಜುಲೈ 26ರಂದು, ಜಪಾನಿನ ಮಿಜುತಾನಿ ಜುನ್ ಮತ್ತು ಇತೋ ಮೀಮಾ ಚೀನಾದ ಜೋಡಿಯನ್ನು 4–3ಕ್ಕೆ ಸೋಲಿಸಿ ಮಿಕ್ಸೆಡ್ ಡಬಲ್ಸ್ ಚಿನ್ನ ಗೆದ್ದರು. ಒಲಿಂಪಿಕ್ಸ್ ಟೇಬಲ್ ಟೆನಿಸ್‌ನಲ್ಲಿ ಜಪಾನಿಗೆ ಅದೇ ಮೊದಲ ಚಿನ್ನ. ಬೆನ್ನಿಗೇ ತನಗೆ ‘ಸಾಯಿ’ ಅನ್ನುವಂಥ ಮೆಸೇಜ್‌ಗಳು ಬರುತ್ತಿವೆ ಅಂತ ಮಿಜುತಾನಿ ತಾನೇ ಹೇಳಿಕೊಂಡ.

ಚೀನಾದವರು ಚೀನಾದವರನ್ನೇ ಬಿಡೋದಿಲ್ಲ. ಪ್ಯಾರಿಸ್ ಮಹಿಳಾ ಸಿಂಗಲ್ಸ್ ಫೈನಲ್ ಆಡಿದ್ದು ಚೆನ್ ಮೆಂಗ್ ಮತ್ತು ಸುನ್ ಯಿಂಗ್‌ಷಾ. ಇಬ್ಬರೂ ಒಂದೇ ದೇಶದವರು. ಗ್ಯಾಲರಿ ಮಾತ್ರ ಸುನ್ ಕಡೆ. ಚೆನ್ ಗೆದ್ದಳು, ಗೆದ್ದಿದ್ದೇ ತಪ್ಪು ಅನ್ನುವ ಹಾಗೆ ಬೈಸಿಕೊಂಡಳು. ವೈಬೋ 12,000ಕ್ಕೂ ಹೆಚ್ಚು ಪೋಸ್ಟ್ ತೆಗೆಯಬೇಕಾಯಿತು. ಬೀಜಿಂಗ್ ಪೊಲೀಸರು ಒಬ್ಬಳನ್ನು ಹಿಡಿದರು. ಸಿನಿಮಾ ತಾರೆಯರ ಅಭಿಮಾನಿ ಸಂಘಗಳ ಚಾಳಿ ಅಲ್ಲಿ ಟೇಬಲ್ ಟೆನಿಸ್‌ಗೆ ಹಬ್ಬಿದೆ. ನಮಗೆ ಇದು ಹೊಸದೇನಲ್ಲ ಬಿಡಿ, ಫ್ಯಾನ್ ವಾರ್ ಅಂದರೆ ಏನು ಅಂತ ಕನ್ನಡಿಗರಿಗೆ ಯಾರೂ ಕಲಿಸಬೇಕಾಗಿಲ್ಲ.

ಭಾರತದವರು ಯಾರಾದರೂ ಹಿನಾಳನ್ನು ಸೋಲಿಸಿದ್ದಾರಾ?

ಹೌದು, ಮಣಿಕಾ ಬಾತ್ರಾ! 2022ರ ನವೆಂಬರ್, ಬ್ಯಾಂಕಾಕ್, ಏಷ್ಯಾ ಕಪ್ ಕಂಚಿನ ಪಂದ್ಯ. ಮಣಿಕಾ 4–2ಕ್ಕೆ ಗೆದ್ದಳು. ಕೊನೆಯ ಗೇಮ್ 11–2. ಏಷ್ಯಾ ಕಪ್‌ನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವಳು. ಮಣಿಕಾ ಬ್ಯಾಟಿನ ಒಂದು ಬದಿಗೆ ಉದ್ದ ಗುಳ್ಳೆಗಳ ರಬ್ಬರ್ ಇದೆ. ಎದುರಿನವರ ಸ್ಪಿನ್ ಅದಕ್ಕೆ ತಗುಲಿ ಉಲ್ಟಾ ಆಗಿ ವಾಪಸ್ ಹೋಗುತ್ತದೆ. ಹಿನಾ ಥರ ಸ್ಪಿನ್ ಹಾಕಿ ಹೊಡೆಯುವವರಿಗೆ ತಲೆನೋವು. ಪ್ಯಾರಿಸ್‌ನಲ್ಲಿ ಮಣಿಕಾಗೆ ಎದುರಾಗಿದ್ದು ಇನ್ನೊಬ್ಬ ಜಪಾನಿ, ಹಿರಾನೋ ಮಿಯು. ಅಲ್ಲಿ 1–4ಕ್ಕೆ ಸೋತಳು.

ಕರ್ನಾಟಕದವರು ಈ ಮಟ್ಟದಲ್ಲಿ ಇಲ್ವಾ?

ಪ್ಯಾರಿಸ್‌ನ ಮಹಿಳಾ ತಂಡದಲ್ಲಿ ಬೆಂಗಳೂರಿನ ಅರ್ಚನಾ ಕಾಮತ್ ಇದ್ದಳು. ಭಾರತ ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿಗೆ 1–3ರಿಂದ ಸೋತಿತು. ಆ ಒಂದು ಗೆಲುವು ಅರ್ಚನಾಳದ್ದು. ಅದಾದ ಮೇಲೆ ಆಟ ಬಿಟ್ಟು ಓದಲು ಅಮೆರಿಕಕ್ಕೆ ಹೋದಳು. ಹಿನಾಗೆ ಬೆನ್ನಿಗೆ ದೊಡ್ಡ ಇನ್ಶೂರೆನ್ಸ್ ಕಂಪನಿಯ ತಂಡ ಇದೆ, 2018ರಲ್ಲಿ ಶುರುವಾದ ಜಪಾನಿನ ಟೇಬಲ್ ಟೆನಿಸ್ ಲೀಗ್ ‘ಟಿ ಲೀಗ್’ ಇದೆ, ಜಾಹೀರಾತು ಇದೆ. ನಮ್ಮಲ್ಲಿ ಒಲಿಂಪಿಕ್ಸ್ ಆಡಿ ಬಂದವಳ ಹೆಸರು ಪಕ್ಕದ ಬೀದಿಯವರಿಗೆ ಗೊತ್ತಿರೋದಿಲ್ಲ. ಈ ಪ್ರಶ್ನೆ ಕೇಳಿದ ಗೆಳೆಯನಿಗೂ ಅರ್ಚನಾ ಹೆಸರು ಗೊತ್ತಿರಲಿಲ್ಲ. ಅವನ ಮನೆ ಇರೋದು ಬೆಂಗಳೂರಲ್ಲೇ.

ಈಗ ಜಪಾನಿನಲ್ಲಿ ಹಿನಾಗಿಂತ ಹರಿಮೋಟೋ ಮಿವಾ ಹೆಸರೇ ಜಾಸ್ತಿ ಕೇಳುತ್ತೆ?

ಮಿವಾ 2008ರಲ್ಲಿ ಹುಟ್ಟಿದವಳು, ತೊಮೊಕಾಜುವಿನ ತಂಗಿ. ಪ್ಯಾರಿಸ್ ಬೆಳ್ಳಿ ಗೆದ್ದಾಗ 16 ವರ್ಷ. ಕ್ಯಾಮೆರಾ ಸಹಜವಾಗಿ ಅತ್ತ ತಿರುಗುತ್ತಿದೆ. 2024ರ ರಾಷ್ಟ್ರೀಯ ಫೈನಲ್‌ನಲ್ಲಿ ಹಿನಾ ಇದೇ ಮಿವಾಳನ್ನು 4–0 ಸೋಲಿಸಿದ್ದಳು. ಆದರೆ ಈ ಆಟದಲ್ಲಿ ಎಂಟು ವರ್ಷದ ಅಂತರ ಚಿಕ್ಕದಲ್ಲ.

ಒಂದೇ ಒಂದು ವಿಡಿಯೋ ನೋಡ್ತೀನಿ, ಯಾವುದು ನೋಡಲಿ?

ಡರ್ಬನ್. ಅಂತರರಾಷ್ಟ್ರೀಯ ಟೂರ್ನಿ ನಡೆಸುವ ಡಬ್ಲ್ಯುಟಿಟಿಯ ಯೂಟ್ಯೂಬ್ ಚಾನೆಲ್‌ನಲ್ಲಿ ಹಿನಾ, ವಾಂಗ್ ಯೀದಿ, 2023 ಅಂತ ಹುಡುಕಿ. ಅಪ್ಪುಗೆಯ ಶಾರ್ಟ್ಸ್ ಆಮೇಲೆ ನೋಡಿ, ಅದು ಹೇಗೂ ತಾನಾಗೇ ಬರುತ್ತದೆ. ಏಳನೇ ಗೇಮ್ 10–10ಕ್ಕೆ ಬಂದಾಗ ಕಾಮೆಂಟರಿ ಮ್ಯೂಟ್ ಮಾಡಿ. ಚೆಂಡಿನ ಸದ್ದು, ಷೂ ಕಿರುಗುಟ್ಟುವ ಸದ್ದು ಹೋಗಿಬಿಡುತ್ತೆ ಅಂತ ಚಿಂತೆ ಬೇಡ. ಹಿನಾಳ ಕಣ್ಣು ನೋಡಿ ಸಾಕು. ಹದಿನೈದು ದಾಟಿದ ಮೇಲೂ ಪ್ರತಿ ಸರ್ವ್‌ಗೆ ಮುಂಚೆ ಚೆಂಡನ್ನು ಅಂಗೈಯಲ್ಲಿ ಇಟ್ಟುಕೊಂಡು, ಮೊದಲ ಪಾಯಿಂಟಿಗೆ ನಿಂತ ಹಾಗೇ ನಿಲ್ಲುತ್ತಾಳೆ.